ಎದುರುಮನೆ ಕಾಕಾನ ಧೂಳು

ಸಾಗವಾನಿ ಕಟ್ಟಿಗೆ ಕರಕಾಗುವಾಗ ಒಂದು ವಾಸನೆ ಬರುತ್ತದೆ. ಒಲೆಯೊಳಗೆ ಉರಿಯುವಾಗ ಬರುವ ವಾಸನೆ ಬೇರೆ. ಇದು ಗರಗಸದ ಅಲಗು ತಿಕ್ಕಿ ತಿಕ್ಕಿ ಕಾದು, ಕಟ್ಟಿಗೆಯ ಅಂಚು ಸುಟ್ಟಾಗ ಬರುವಂಥದ್ದು. ತುಸು ಎಣ್ಣೆ, ತುಸು ತೊಗಲು, ತುಸು ಸೀದ ಬೆಲ್ಲ. ಕಳೆದ ವಾರ ಹುಬ್ಬಳ್ಳಿಯಲ್ಲಿ ಹತ್ಯಾರಗಳ ಅಂಗಡಿಯೊಂದರಲ್ಲಿ ನಿಂತಿದ್ದಾಗ ಆ ವಾಸನೆ ಮೂಗಿಗೆ ಬಡಿಯಿತು. ಅಂಗಡಿಯವರು ನನಗೆ ತೋರಿಸಲೆಂದು ಮಷೀನು ಹಿಡಿದು ಸಾಗವಾನಿಯ ತುಂಡೊಂದನ್ನು ಕೊಯ್ಯುತ್ತಿದ್ದರು. ನನ್ನ ಕೈ ನನಗೆ ಗೊತ್ತಿಲ್ಲದಂತೆ ಸೆರಗನ್ನು ಮೂಗಿಗೆ ಒಯ್ದಿತ್ತು. ಅವರು ನಕ್ಕರು.

"ಏನೂ ಆಗೂದಿಲ್ರಿ ಅಕ್ಕಾರ. ಬರೇ ಕಟಗಿ ವಾಸನಿ."

ಬರೇ ಕಟ್ಟಿಗೆಯ ವಾಸನೆ... ಇರಬಹುದು. ನನಗೆ ಮಾತ್ರ ಅದು ನಮ್ಮ ಎದುರುಮನೆ ಕಾಕಾನ ವಾಸನೆ.

ಧಾರವಾಡದ ನಮ್ಮ ಓಣಿಯಲ್ಲಿ ಅವರನ್ನು ಎಲ್ಲರೂ ಕಾಕಾ ಎಂದೇ ಕರೆಯುತ್ತಿದ್ದೆವು. ನೆಂಟಸ್ತನ ಏನೂ ಇರಲಿಲ್ಲ. ಇಲ್ಲದ್ದಕ್ಕೂ ದೇವರಿಗೆ ಕೈ ಮುಗಿಯುತ್ತೇನೆ. ಈಗ ಬರೆಯುವಾಗಲೂ ‘ಅವರು’, ‘ಬಂದರು’ ಎಂದು ಬರೆಯುತ್ತಿದ್ದೇನಲ್ಲ, ಅದು ಅವರು ಗಳಿಸಿದ ಮರ್ಯಾದೆಯಲ್ಲ. ನನ್ನ ತವರಿನವರು ತಿದ್ದಿಕೊಟ್ಟ ನಾಲಿಗೆ, ಈ ವಯಸ್ಸಿನಲ್ಲಿ ಬೇರೆ ಥರ ಹೊರಳುವುದಿಲ್ಲ.

ಕಾಕಾ ಯಾವುದೋ ಸರ್ಕಾರಿ ಕಚೇರಿಯ ಉಗ್ರಾಣದಲ್ಲಿದ್ದು ನಿವೃತ್ತರಾದವರು. ಜನ್ಮವಿಡೀ ಸಾಮಾನು ಎಣಿಸಿ ಕೊಟ್ಟರು, ಎಣಿಸಿ ತೆಗೆದುಕೊಂಡರು. ಅದರಲ್ಲಿ ಒಂದನ್ನಾದರೂ ಕೈಯಲ್ಲಿ ಹಿಡಿದು ದುಡಿದವರಲ್ಲ. ಆದರೆ ಮುಟ್ಟಿದ ಮಾತ್ರಕ್ಕೆ ವಿದ್ಯೆ ಹತ್ತುತ್ತದೆ ಎಂದು ಅವರ ನಂಬಿಕೆ. ಓಣಿಯಲ್ಲಿ ಯಾರ ಮನೆಗಾದರೂ ಹೊಸ ಡಬ್ಬಿ ಬಂದರೆ ಸಾಕು, ಲುಂಗಿ ಎತ್ತಿ ಕಟ್ಟಿಕೊಂಡು ದಾಟಿ ಬರುತ್ತಿದ್ದರು. ಬಂದವರು ಕೇಳುವ ಮೊದಲ ಮಾತು ಒಂದೇ.

"ಯಾರನ್ನ ಕೇಳಿ ತಂದಿ?"

ನಾನು ಮಿಕ್ಸರ್ ತಂದಾಗಲೂ ಬಂದರು. ಖಾಲಿ ಜಾರು ತಿರುಗಿಸಿ ಕಿವಿ ಕೊಟ್ಟು ಕೇಳಿ, ತಲೆ ಆಡಿಸಿದರು. "ಸಪ್ಪಳ ಭಾಳ ಕಡಿಮಿ ಐತಿ ತಂಗಿ. ಸಪ್ಪಳ ಇಲ್ಲದ ಮಷಿನ್ಯಾಗ ತಾಕತ್ತ ಇರಂಗಿಲ್ಲ." ಆ ಮಿಕ್ಸರ್ ಇವತ್ತಿಗೂ ನನ್ನ ಮನೆಯಲ್ಲಿ ಶೇಂಗಾ ಚಟ್ನಿಪುಡಿ ಮಾಡಿಕೊಡುತ್ತದೆ. ಅದೂ ಶಿವನ ಕೃಪೆಯೇ. ಕಾಕಾನ ಮಾತು ಕೇಳಿ ಬದಲಿಸಿದ್ದರೆ ಓಣಿಗೆಲ್ಲ ಕೇಳುವಂತೆ ಗುಡುಗುವ ಒಂದು ಸಾಮಾನು ಮನೆಗೆ ಬರುತ್ತಿತ್ತು.

ಜನ ಯಾಕೆ ಸಹಿಸುತ್ತಿದ್ದರು ಎಂದು ಹೊರಗಿನವರು ಕೇಳಬಹುದು. ನಮ್ಮ ಕಡೆ ಮುಲಾಜು ಎನ್ನುವ ಒಂದು ರೋಗ ಇದೆ. ಹಿರಿಯರು ಹೊಸ್ತಿಲ ಒಳಗೆ ಬಂದು ಚಹಾ ಕುಡಿದರು ಎಂದರೆ, ಮುಂದೆ ಅವರು ಏನು ಹೇಳಿದರೂ ಒಲ್ಲೆ ಎನ್ನಲು ಬಾಯಿ ಬರುವುದಿಲ್ಲ. ಮನಸ್ಸಿನಲ್ಲಿ ಶಾಪ ಹಾಕುತ್ತೇವೆ, ಬಾಯಲ್ಲಿ "ಹೂಂ ರಿ ಕಾಕಾ" ಅನ್ನುತ್ತೇವೆ. ನಮ್ಮ ಯಜಮಾನರಿಗೆ ಈ ರೋಗ ತುಸು ಜಾಸ್ತಿ.

ಆ ವರ್ಷ ಕಾಕಾ ಒಂದು ಮಲ್ಟಿ ಟೂಲ್ ತಂದರು. ಗಿರಗಿರನೆ ತಿರುಗುವ ಗರಗಸವಲ್ಲ ಅದು. ಒಂದು ಉದ್ದನೆಯ ಹಿಡಿಕೆ, ಅದರ ತುದಿಗೆ ಅಗಲವಾದ ಚಿಕ್ಕ ಅಲಗು. ಗುಂಡಿ ಒತ್ತಿದರೆ ಆ ಅಲಗು ಎಡಕ್ಕೂ ಬಲಕ್ಕೂ ನಡುಗುತ್ತದೆ, ಚಳಿಜ್ವರ ಬಂದವರ ಹಲ್ಲಿನಂತೆ. ಹಲ್ಲಿನ ಅಲಗು ಹಾಕಿದರೆ ಕೊಯ್ಯುತ್ತದೆ, ತೆಗೆದು ಉಪ್ಪುಕಾಗದದ ಹಲಗೆ ಹಾಕಿದರೆ ಉಜ್ಜುತ್ತದೆ. ಗೋಡೆಯ ಮೂಲೆ, ಬಾಗಿಲ ಬುಡ, ಬೇರೆ ಗರಗಸ ಹೋಗದ ಜಾಗಕ್ಕೆಲ್ಲ ಹೋಗುತ್ತದೆ. ಮಷೀನನ್ನು ನಾನು ಬೈಯುವುದಿಲ್ಲ. ಅದರದು ಒಂದೇ ದೋಷ: ಸಣ್ಣಗೆ ಕೊಯ್ಯುವುದರಿಂದ ಅದರ ಧೂಳೂ ಸಣ್ಣ. ಮೈದಾಹಿಟ್ಟಿನಂಥದ್ದು. ನೆಲಕ್ಕೆ ಬೀಳುವುದಿಲ್ಲ, ಗಾಳಿಯಲ್ಲಿ ತೇಲುತ್ತದೆ, ಉಸಿರಿನ ಜೊತೆ ಒಳಗೆ ಹೋಗುತ್ತದೆ.

ಅದಕ್ಕೆಂದೇ ಅಲಗಿನ ಕುತ್ತಿಗೆಗೆ ಒಂದು ಕೊಳವೆ, ಆ ಕೊಳವೆಯ ಇನ್ನೊಂದು ತುದಿಗೆ ಧೂಳು ಹೀರುವ ಡಬ್ಬಿ. ಎಲ್ಲ ಸೇರಿಸಿ ತಂದಿದ್ದರು. ಕಟ್ಟೆಯ ಮೇಲೆ ಇಟ್ಟುಕೊಂಡು ಕುಳಿತು, ದಾರಿಯಲ್ಲಿ ಹೋಗುವವರನ್ನು ಕರೆದು ಕರೆದು ತೋರಿಸಿದರು. "ಎಲ್ಲಾರೂ ತಾಕತ್ತ ನೋಡಿ ತರತಾರ. ನಾ ಧೂಳ ನೋಡಿ ತಂದೇನಿ. ಒಂದ ಕಣ ಹೊರಗ ಬಿದ್ರ ಮೀಸಿ ತಗಸ್ತೇನಿ." ಧೂಳಿನ ಬಗ್ಗೆ ಆ ಮನುಷ್ಯ ಜೀವನದಲ್ಲಿ ಆಡಿದ ಒಂದೇ ಒಂದು ಶಹಾಣೆ ಮಾತು ಅದು. ಡಬ್ಬಿಯ ಮೇಲೆ ಬರೆದದ್ದನ್ನು ಓದಿ ಹೇಳಿದ್ದಿರಬೇಕು.

ಸ್ವಲ್ಪ ದಿನಕ್ಕೆ ಖಂಡೇಪೂಜೆ ಬಂತು. ನಮ್ಮಲ್ಲಿ ಆ ದಿನ ಕತ್ತಿ, ಕುಡುಗೋಲು, ಸೈಕಲ್ಲು, ಹೊಲಿಗೆ ಮಷೀನು ಎಲ್ಲವನ್ನೂ ತೊಳೆದು ಪೂಜೆಗೆ ಇಡುತ್ತೇವೆ. ನಾನೂ ಈಳಿಗೆಮಣೆಗೆ ಕುಂಕುಮ ಹಚ್ಚಿ, ವರ್ಷವಿಡೀ ಬೆರಳು ಉಳಿಸಿದ್ದಕ್ಕೆ ನಮಸ್ಕಾರ ಮಾಡುವಾಕೆ. ಆದರೆ ಕಾಕಾನ ಪೂಜೆ ದೇವರು ನೋಡಲಿ ಎಂದಲ್ಲ, ಓಣಿ ನೋಡಲಿ ಎಂದು. ಸ್ಕೂಟರ್ ಒಂದು ಕಡೆ, ಮಲ್ಟಿ ಟೂಲ್ ನಡುವೆ, ಹೀರುವ ಡಬ್ಬಿ ಇನ್ನೊಂದು ಕಡೆ. ವಿಭೂತಿಯನ್ನು ನೀರಿನಲ್ಲಿ ಗಟ್ಟಿಯಾಗಿ ಕಲಸಿ, ಮೂರು ಬೆರಳಿನಿಂದ ಎಳೆದದ್ದೇ ಎಳೆದದ್ದು. ಆಮೇಲೆ ಚೆಂಡುಹೂ. ನಾವೆಲ್ಲ ಮಂಗಳಾರತಿಗೆ ಕೈ ಒಡ್ಡಿ, ಪ್ರಸಾದ ತಿಂದು ಬಂದೆವು. ಡಬ್ಬಿಯ ಒಳಗೆ ಏನು ಮಾಡಿದ್ದರೋ ಆಗ ಯಾರಿಗೂ ಗೊತ್ತಿರಲಿಲ್ಲ.

ಅದೇ ದೀಪಾವಳಿಗೆ ಮುಂಚೆ ನಮ್ಮ ಮನೆಗೆ ಹೊಸ ಟೈಲ್ಸ್ ಹಾಕಿಸಿದೆವು. ಹಳೆಯ ನೆಲದ ಮೇಲೆಯೇ ಹಾಕಿದ್ದರಿಂದ ನೆಲ ಎತ್ತರವಾಯಿತು, ಬಾಗಿಲುಗಳು ತಿಕ್ಕಾಡತೊಡಗಿದವು. ಎಲ್ಲಕ್ಕಿಂತ ಕೆಟ್ಟದ್ದು ನಮ್ಮ ಅತ್ತೆಯವರ ಕೋಣೆಯ ಬಾಗಿಲು. ಅರ್ಧಕ್ಕೆ ಬಂದು ಕಚ್ಚಿ ನಿಲ್ಲುತ್ತಿತ್ತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಕದ ಬಿಚ್ಚಿ ಬುಡ ಹೆರೆಯೋಣವೆಂದರೆ ಬಿಜಾಗ್ರಿಗಳೆಲ್ಲ ತುಕ್ಕು ಹಿಡಿದು ಚೌಕಟ್ಟಿನೊಂದಿಗೆ ಒಂದಾಗಿದ್ದವು. ನಿಂತಲ್ಲೇ ಕೊಯ್ಯಬೇಕಿತ್ತು.

ಅತ್ತೆಯವರಿಗೆ ದಮ್ಮು ಇತ್ತು. ಮದುವೆಯಾಗಿ ಬಂದ ದಿನದಿಂದ ನಾನು ಆ ದಮ್ಮಿನ ಜೊತೆಯೇ ಸಂಸಾರ ಮಾಡಿದವಳು. ಮೆಣಸಿನಕಾಯಿ ಹುರಿಯುವುದಿದ್ದರೆ ಹಿತ್ತಲಿಗೆ ಹೋಗುತ್ತಿದ್ದೆ. ಊದುಬತ್ತಿ ಬಿಟ್ಟು ಬರೀ ಎಣ್ಣೆದೀಪ ಹಚ್ಚುತ್ತಿದ್ದೆ. ಕಸಗುಡಿಸುವ ಮೊದಲು ನೀರು ಚಿಮುಕಿಸುತ್ತಿದ್ದೆ. ಹೀಗೆ ಕಾಯ್ದುಕೊಂಡಿದ್ದಕ್ಕೆ ನನಗೆ ಸಿಗುತ್ತಿದ್ದ ಸಂಬಳ ಒಂದಿತ್ತು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಅವರು ಪದ ಹಾಡುತ್ತಿದ್ದರು. ಉಪ್ಪಿನಬೆಟಗೇರಿಯ ತಮ್ಮ ತವರಿನಲ್ಲಿ ಕಲಿತ ಭಜನೆಯ ಪದಗಳು. ದೊಡ್ಡ ಕಂಠವೇನಲ್ಲ. ಆದರೆ ಒಂದು ಸಾಲನ್ನು ಒಂದೇ ಉಸಿರಿಗೆ ತೆಗೆದು, ಕೊನೆಯಲ್ಲಿ ಮೆಲ್ಲಗೆ ಕೆಳಗಿಳಿಸಿ ಇಡುತ್ತಿದ್ದರು, ತುಂಬಿದ ಕೊಡ ಇಳಿಸಿದಂತೆ. ನಾನು ರೊಟ್ಟಿ ಬಡಿಯುತ್ತ ಕೇಳುತ್ತಿದ್ದೆ. ಅಷ್ಟು ಉಸಿರು ಅವರಲ್ಲಿ ಉಳಿದದ್ದೇ ಶಿವನ ದೊಡ್ಡ ದಯೆ ಎಂದು ದಿನಾ ಎಣಿಸಿಕೊಳ್ಳುತ್ತಿದ್ದೆ.

ಬಾಗಿಲು ಕಚ್ಚುತ್ತದೆ ಎಂಬ ಸುದ್ದಿ ಕಾಕಾನ ಕಿವಿಗೆ ಬಿತ್ತು. ಮರುದಿನವೇ ಹಾಜರು. ಒಂದು ಕೈಯಲ್ಲಿ ಮಷೀನು, ಇನ್ನೊಂದರಲ್ಲಿ ಡಬ್ಬಿ, ಕೊರಳಲ್ಲಿ ಹಾವಾಡಿಗನಂತೆ ಕೊಳವೆ.

"ಕಾಕಾ, ಅತ್ತಿಯವರಿಗೆ ಧೂಳ ಆಗಂಗಿಲ್ರಿ," ಎಂದೆ. "ಅವರನ್ನ ಬಾಜೂಮನ್ಯಾಗ ಕುಂದರಿಸಿ ಬರ್ತೇನಿ. ಆಮ್ಯಾಲೆ ಚಾಲೂ ಮಾಡ್ರಿ. ಮೊದಲ ಅವರ ಖೋಲಿ ಬಾಗಲಾನ ಮಾಡ್ರಿ, ಮುಚ್ಚಾಕರೆ ಬರತೈತಿ."

ಕಾಕಾನ ಮುಖ ಸಣ್ಣದಾಯಿತು. "ಯಾಕ ತಂಗಿ, ನನ್ನ ಮಷಿನ್ ಮ್ಯಾಲ ಭರೋಸಾ ಇಲ್ಲೇನು? ಧೂಳ ಬೀಳು ಮಷಿನ್ ಆಗಿದ್ರ ನಾ ತರತಿದ್ನೇನು?"

ಯಜಮಾನರು ನನ್ನನ್ನು ನೋಡಿದರು. ಆ ನೋಟ ನನಗೆ ಗೊತ್ತು. ಸುಮ್ಮನಿರು ಎನ್ನುವ ನೋಟ. ಒಳಗಿನಿಂದ ಅತ್ತೆಯವರೇ ಕರೆದರು. ಮಂಚದ ಮೇಲೆ ಕುಳಿತು, ದನಿ ತಗ್ಗಿಸಿ ಹೇಳಿದರು.

"ಬ್ಯಾಡ ಬಿಡ ಯವ್ವಾ. ಹಿರೇಮನಷ್ಯಾ, ತಾನಾಗೇ ಬಂದಾನ. ನಾ ಎದ್ದ ಹೋದ್ರ ಮನಸಿಗೆ ಹಚ್ಕೋತಾನ. ಮೂಗಿಗೆ ಸೆರಗ ಹಿಡಕೊಂಡ ಇಲ್ಲೇ ಕುಂಡ್ರತೇನಿ."

ಹೀಗೆ ಆ ಮನೆಯಲ್ಲಿ ಎಲ್ಲರೂ ಕಾಕಾನ ಮನಸ್ಸನ್ನು ಕಾಯ್ದೆವು. ಅತ್ತೆಯವರ ಉಸಿರನ್ನು ಕಾಯುವ ಕೆಲಸ ಡಬ್ಬಿಗೆ ಬಿಟ್ಟೆವು.

ಅತ್ತೆಯವರ ಬಾಗಿಲು ಮೊದಲು ಮಾಡಲಿಲ್ಲ. ಬೀದಿಗೆ ಕಾಣುವ ತಲೆಬಾಗಿಲಿನಿಂದ ಶುರು ಮಾಡಿದರು. ಹೊಸ್ತಿಲ ಮೇಲೆಯೇ ಕುಳಿತರು, ನಾನು ದಿನಾ ಅರಿಶಿಣ ಹಚ್ಚಿ ಪೂಜೆ ಮಾಡುವ ಹೊಸ್ತಿಲ ಮೇಲೆ. ಕಾಲು ಕೂಡ ಇಡಬಾರದ ಜಾಗ ಅದು, ಕಾಕಾ ಮೈಯೂರಿ ಕುಳಿತೇಬಿಟ್ಟರು. ಡಬ್ಬಿ ಚಾಲೂ ಮಾಡಿದರು. ಅಯ್ಯೋ, ಅದರ ಗದ್ದಲ! ವಿಮಾನ ಇಳಿದಂತೆ. ಕಾಕಾ ಹಿಗ್ಗಿ ಕೂಗಿ ಹೇಳಿದರು, "ದನಿ ಕೇಳು ತಮ್ಮಾ. ಹೆಂಗ ಎಳ್ಯಾಕತ್ತೈತಿ ನೋಡು."

ಆಮೇಲೆ ಕೊಯ್ಯತೊಡಗಿದರು. ಸಾಗವಾನಿ ಸುಟ್ಟ ವಾಸನೆ. ಸ್ವಲ್ಪ ಹೊತ್ತಿಗೆ ಸೆಕೆ ಎಂದರು, ಯಜಮಾನರು ಫ್ಯಾನ್ ಹಚ್ಚಿದರು. ನಾನು ಹೋಗಿ ಆರಿಸಿದೆ. ಕಾಕಾ ಮತ್ತೆ ಹಚ್ಚಿಸಿದರು. "ಧೂಳೆಲ್ಲಾ ಡಬ್ಬ್ಯಾಗ ಹೊಂಟೈತಿ ತಂಗಿ, ಫ್ಯಾನಿಗೂ ಅದಕ್ಕೂ ಏನ ಸಂಬಂಧ? ನೀ ಹೋಗಿ ಒಂದೀಟ ಗಿರ್ಮಿಟ್ ಮಾಡ ಹೋಗು. ಉಳ್ಳಾಗಡ್ಡಿ ಜರಾ ಹೆಚ್ಚಿಗೆ ಇರಲಿ."

ನಾನು ಅಡುಗೆಮನೆಗೆ ಹೋದೆ. ಚುರಮುರಿ, ಹುಣಸೆನೀರು, ಉಳ್ಳಾಗಡ್ಡಿ. ಆ ಗದ್ದಲದಲ್ಲಿ ನನಗೆ ಒಗ್ಗರಣೆಯ ಸಾಸಿವೆ ಸಿಡಿದದ್ದೂ ಕೇಳಿಸಲಿಲ್ಲ. ಅದೇ ನೋಡಿ... ನನ್ನ ಕೈಯಳತೆಯಲ್ಲಿದ್ದ ಸಾಸಿವೆ ಕೇಳಿಸಲಿಲ್ಲ ಎಂದಮೇಲೆ, ಗೋಡೆಯ ಆಚೆಗಿನ ಕೆಮ್ಮು ಹೇಗೆ ಕೇಳಿಸಬೇಕು?

ತಾಟು ಹಿಡಿದು ಹೊರಗೆ ಬಂದೆ. ಕಿಟಕಿಯಿಂದ ಬಿದ್ದ ಬಿಸಿಲು ಪಡಸಾಲೆಯಲ್ಲಿ ಬೆಳ್ಳನೆಯ ಕಂಬದಂತೆ ನಿಂತಿತ್ತು. ಧೂಳು. ಫ್ಯಾನಿನ ಗಾಳಿಗೆ ಅದು ಮೆಲ್ಲಗೆ ಸುತ್ತಿ ಸುತ್ತಿ, ಅರ್ಧ ತೆರೆದು ಕಚ್ಚಿದ ಆ ಬಾಗಿಲಿನ ಒಳಗೆ ಹೋಗುತ್ತಿತ್ತು. ಯಾರೋ ದಾರಿ ತೋರಿಸಿ ಕಳಿಸಿದಂತೆ.

ತಾಟು ಎಲ್ಲಿಟ್ಟೆನೋ ಗೊತ್ತಿಲ್ಲ. ಒಳಗೆ ಅತ್ತೆಯವರು ಮಂಚದ ಕಾಲು ಹಿಡಿದು ನೆಲದ ಮೇಲೆ ಕುಳಿತಿದ್ದರು. ಒಂದು ಕೈಯಲ್ಲಿ ಸೆರಗು ಮೂಗಿಗಿತ್ತು. ಇನ್ನೊಂದು ಕೈಯಿಂದ ಕಬ್ಬಿಣದ ಟ್ರಂಕನ್ನು ಬಡಿಯುತ್ತಿದ್ದರು. ನಮ್ಮನ್ನು ಕರೆಯಲು. ಎಷ್ಟು ಹೊತ್ತಿನಿಂದ ಬಡಿಯುತ್ತಿದ್ದರೋ, ಆ ಶಿವನೇ ಬಲ್ಲ. ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿದ್ದವು, ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು.

ಓಡಿ ಹೋಗಿ ಮೇನ್ ಸ್ವಿಚ್ಚನ್ನೇ ಕೆಳಗೆ ಹಾಕಿದೆ. ಗದ್ದಲ ನಿಂತಿತು. ಫ್ಯಾನು ನಿಲ್ಲತೊಡಗಿತು. ಆ ಮೌನದಲ್ಲಿ ಎಲ್ಲರಿಗೂ ಒಳಗಿನ ಉಸಿರು ಕೇಳಿಸಿತು, ಕುಕ್ಕರಿನ ಸೀಟಿ ಹತ್ತಲಾರದೆ ಎಳೆದಂಥ ದನಿ. ಕಾಕಾ ಹಿಂದೆ ತಿರುಗಿ ನೋಡದೆಯೇ ಕೇಳಿದರು.

"ಏನಾತು? ಲೈಟ್ ಹೋತೇನು?"

"ಲೈಟ್ ಹೋಗಿಲ್ರಿ ಕಾಕಾ. ನಮ್ಮ ಅತ್ತಿ ಉಸರ ಹೊಂಟೈತಿ."

ಯಜಮಾನರು ಅವ್ವನನ್ನು ಎತ್ತಿಕೊಂಡು ಓಡಿದರು. ಓಣಿಯ ತುದಿಯಲ್ಲಿ ಒಂದು ಆಟೋ ನಿಂತಿತ್ತು. ಖಾಲಿ ಇತ್ತು. ದವಾಖಾನೆಯಲ್ಲಿ ಡಾಕ್ಟರು ಆಗಷ್ಟೇ ಬಂದು ಕುಳಿತಿದ್ದರು. ಇವೆಲ್ಲ ಸಣ್ಣ ಸಣ್ಣ ದಯೆಗಳು. ಅವತ್ತು ಒಂದನ್ನೂ ಬಿಡದೆ ಎಣಿಸಿದೆ, ಎಣಿಸುತ್ತಲೇ ಆಕ್ಸಿಜನ್ ಮುಖವಾಡದ ಒಳಗೆ ಮಂಜು ಕಟ್ಟಿ ಕರಗುವುದನ್ನು ನೋಡುತ್ತ ನಿಂತೆ. ಅತ್ತೆಯವರು ಉಳಿದರು.

ಕಾಕಾ ದವಾಖಾನೆಗೆ ಬರಲಿಲ್ಲ. ಸಂಜೆ ನಾನು ಬಟ್ಟೆ ಒಯ್ಯಲು ಮನೆಗೆ ಬಂದಾಗ ತಲೆಬಾಗಿಲು ಹಾಗೇ ತೆರೆದಿತ್ತು. ಹೊಸ್ತಿಲ ಮೇಲೆ ಗಿರ್ಮಿಟ್ ತಾಟು. ಖಾಲಿ. ಒಂದು ಹಸಿಮೆಣಸಿನಕಾಯಿ ಮಾತ್ರ ಬದಿಗೆ ತೆಗೆದಿಟ್ಟಿದ್ದರು, ಖಾರ ಆಗುವುದಿಲ್ಲ ಅವರಿಗೆ. ಒಬ್ಬ ಮನುಷ್ಯನನ್ನು ಅಳೆಯಲು ನನಗೆ ಅದಕ್ಕಿಂತ ದೊಡ್ಡ ಅಳತೆಗೋಲು ಬೇಕಾಗಲಿಲ್ಲ.

ಅತ್ತೆಯವರು ಮನೆಗೆ ಬಂದ ಮೇಲೆ ಕಾಕಾ ಮೋಸಂಬಿ ಹಿಡಿದು ನೋಡಲು ಬಂದರು. ಕುರ್ಚಿಯ ಮೇಲೆ ಕುಳಿತು, ದೊಡ್ಡ ಉಸಿರು ಬಿಟ್ಟು, "ಎಲ್ಲಾ ಶಿವನ ಇಚ್ಛಾ ಬೇ ಅಕ್ಕಾ" ಎಂದರು. ಅತ್ತೆಯವರು ಕೈ ಮುಗಿದರು. ಓಣಿಯಲ್ಲಿ ಮಾತ್ರ ಬೇರೆಯೇ ಹೇಳುತ್ತಿದ್ದರಂತೆ: ಆ ಮುದುಕಿ ದಮ್ಮು ಹಳೇದು, ನಮ್ಮ ಮಷಿನ್ಯಾಗ ಧೂಳ ಎಲ್ಲಿಂದ ಬರಬೇಕು, ಟೈಲ್ಸಿನ ಸಿಮೆಂಟ್ ಧೂಳ ಅದು.

ಡಬ್ಬಿ ಇನ್ನೂ ನಮ್ಮ ಪಡಸಾಲೆಯ ಮೂಲೆಯಲ್ಲೇ ಇತ್ತು. ಉಳಿದ ಕೆಲಸ ಮುಗಿಸಿಕೊಡುತ್ತೇನೆ ಎಂದು ಬಿಟ್ಟುಹೋಗಿದ್ದರು. ಹೊಲಸು ಸಾಮಾನನ್ನು ಹಾಗೇ ಮರಳಿಸುವ ಮನೆತನ ನಮ್ಮದಲ್ಲ; ಹಿತ್ತಲಿಗೆ ಒಯ್ದು ತೊಳೆದುಕೊಡೋಣವೆಂದು ಬಿಚ್ಚಿದೆ. ಒಳಗೆ ಧೂಳು ಒಂದು ಚಮಚೆಯೂ ಇರಲಿಲ್ಲ. ಗಾಳಿಯನ್ನು ಸೋಸುವ ಮಡಿಕೆ ಮಡಿಕೆಯ ಬಿಳಿ ಕಾಗದ ಇರುತ್ತದಲ್ಲ, ಅದನ್ನು ಹೊರಗೆ ತೆಗೆದೆ. ಮೇಲಿಂದ ಕೆಳಗಿನ ತನಕ, ಸುತ್ತಲೂ, ಮೂರು ಮೂರು ಬೆರಳಿನ ಪಟ್ಟೆ. ವಿಭೂತಿ. ನೀರಿನಲ್ಲಿ ಕಲಸಿ ಬಳಿದ ವಿಭೂತಿ ಮಡಿಕೆಯೊಳಗೆಲ್ಲ ಇಳಿದು, ಒಣಗಿ, ಗಚ್ಚಿನಂತೆ ಗಟ್ಟಿಯಾಗಿತ್ತು. ಒಂದು ಮಡಿಕೆಯಲ್ಲಿ ಚೆಂಡುಹೂವಿನ ಎಸಳು ಸಿಕ್ಕಿಕೊಂಡಿತ್ತು. ಆ ಡಬ್ಬಿ ಎಳೆದದ್ದು ಗಾಳಿಯನ್ನಲ್ಲ, ಬರೀ ರಾಗ.

ಅದನ್ನು ತಾಟಿನಲ್ಲಿಟ್ಟುಕೊಂಡು ನೇರ ಅವರ ಕಟ್ಟೆಗೆ ಹೋದೆ. ಓಣಿಯ ಇಬ್ಬರು ಮೂವರು ಕುಳಿತಿದ್ದರು. ಇರಲಿ ಎಂದೇ ಹೋದೆ.

"ಕಾಕಾ, ಇದೇನ್ರಿ?"

"ಏನಂದ್ರ? ವಿಭೂತಿ. ಖಂಡೇಪೂಜಿದು. ಒಳಗಿನ ಭಾಗಕ್ಕೂ ಪೂಜಿ ಆಗಬೇಕಲ್ಲ. ಅದರ ಎದಿ ಇದ್ದಂಗ ಅದು."

"ಎದೀಗೆ ಗಚ್ಚ ಹಚ್ಚಿದ್ರ ಉಸರ ಎಲ್ಲಿಂದ ಬರಬೇಕ್ರಿ? ಮಷಿನ್ಯಾಗ ಹೋಗೂ ಧೂಳ ಎಲ್ಲಾ ನಮ್ಮ ಅತ್ತಿ ಎದ್ಯಾಗ ಹೋತು."

ಕುಳಿತವರು ಒಬ್ಬರ ಮುಖ ಒಬ್ಬರು ನೋಡಿದರು. ಕಾಕಾ ನಕ್ಕರು. ದೊಡ್ಡವರು ಸಣ್ಣವರ ತಪ್ಪನ್ನು ಕ್ಷಮಿಸುವಾಗ ನಗುತ್ತಾರಲ್ಲ, ಅಂಥ ನಗು.

"ಪೂಜಿ ಮಾಡಿದ್ದ ತಪ್ಪಂತೀಯೇನ ತಂಗಿ? ದಿನಾ ಲಿಂಗಪೂಜಿ ಮಾಡಾಕಿ ನೀನು. ಎಲ್ಲಾ ಅವನ ಇಚ್ಛಾ ಅಂತ ತಿಳೀಬೇಕು."

"ಅವನ ಹೆಸರ ತಗೀಬ್ಯಾಡ್ರಿ ಕಾಕಾ. ಶಿವ ಬಂದು ಫ್ಯಾನ್ ಹಚ್ಚಂದಿದ್ದಿಲ್ಲ. ಗಿರ್ಮಿಟ್ನೂ ಕೇಳಿದ್ದಿಲ್ಲ."

ಕಾಗದವನ್ನು ಕಟ್ಟೆಯ ಮೇಲಿಟ್ಟು ತಾಟು ತೆಗೆದುಕೊಂಡು ಬಂದೆ. ನನ್ನ ಹಿಂದೆ ಒಬ್ಬರು ನಕ್ಕದ್ದು ಕೇಳಿಸಿತು. ಕಾಕಾ ಮಾತ್ರ ಕೊನೆಯವರೆಗೂ ತಪ್ಪು ಒಪ್ಪಲಿಲ್ಲ. ತಪ್ಪಾತು ಎನ್ನುವ ಮೂರು ಅಕ್ಷರಕ್ಕೆ ಅವರ ಉಗ್ರಾಣದಲ್ಲಿ ಜಾಗವೇ ಇರಲಿಲ್ಲವೇನೋ.

ಅಜ್ಞಾನವನ್ನು ನಾನು ಬೈಯುವುದಿಲ್ಲ. ನಾನೂ ಎಷ್ಟೋ ಗೊತ್ತಿಲ್ಲದವಳು. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಇನ್ನೊಬ್ಬರ ಮನೆಗೆ ಹೊತ್ತು ತಂದು, ಕೆಟ್ಟ ಮೇಲೆ ದೇವರ ತಲೆಗೆ ಕಟ್ಟಿದರಲ್ಲ, ಅದನ್ನು ನನ್ನ ಮನಸ್ಸು ಇವತ್ತಿಗೂ ಒಪ್ಪಿಲ್ಲ. ನಾನು ದಿನಾ ಕೈಯಲ್ಲಿ ಹಿಡಿದು ಪೂಜೆ ಮಾಡುವ ದೇವರು ಅವನು. ಅವರ ಮುಖದ ಹೊಲಸು ಒರೆಸಿಕೊಳ್ಳುವ ಅರಿವೆಯಲ್ಲ.

ಅತ್ತೆಯವರ ಪದ ಅಲ್ಲಿಗೆ ಮುಗಿಯಿತು. ಶುರು ಮಾಡುತ್ತಿದ್ದರು. ಅರ್ಧ ಸಾಲಿಗೆ ಉಸಿರು ನಿಲ್ಲುತ್ತಿತ್ತು, ತುಸು ಕಾಯುತ್ತಿದ್ದರು, ಉಳಿದರ್ಧ ಬಾಯಲ್ಲೇ ಆಡಿಸುತ್ತಿದ್ದರು. ಆಮೇಲೆ ಅದನ್ನೂ ಬಿಟ್ಟು ಬರೀ ತಾಳ ಹಾಕುತ್ತಿದ್ದರು, ಎರಡು ಬೆರಳಿನಿಂದ ತೊಡೆಯ ಮೇಲೆ. ನಾನು ರೊಟ್ಟಿ ಬಡಿಯುವ ಸಪ್ಪಳ ತುಸು ಜೋರು ಮಾಡಿದೆ. ಅಡುಗೆಮನೆ ಅಷ್ಟು ಖಾಲಿ ಅನಿಸುತ್ತಿತ್ತು.

ಆ ಕೋಣೆಯಲ್ಲಿ ಮಲಗಲು ಒಪ್ಪಲಿಲ್ಲ. ಪಡಸಾಲೆಗೆ ಮಂಚ ಹಾಕಿಸಿಕೊಂಡರು. ಬಾಗಿಲನ್ನು ಬೇರೆಯವರಿಂದ ಕೊಯ್ಸೋಣ ಎಂದರೆ, "ನಾ ಇರೂತನಕ ಆ ಮಷಿನ್ ದನಿ ಈ ಮನ್ಯಾಗ ಬ್ಯಾಡ" ಎಂದರು. ಅಷ್ಟೇ. ಕಾಕಾನ ಮೇಲೆ ಮಾತ್ರ ಒಂದು ಕೆಟ್ಟ ಮಾತಿಲ್ಲ. ಹಬ್ಬಕ್ಕೆ ಹೋಳಿಗೆ ಮಾಡಿದರೆ ಮೊದಲ ಡಬ್ಬಿ ಎದುರುಮನೆಗೇ. "ಕೊಟ್ಟ ಬಾರವ್ವಾ. ಒಬ್ಬಂಟಿ ಮುದುಕ, ಯಾರ ಮಾಡಿ ಹಾಕತಾರ?" ನಾನು ಒಯ್ದು ಕಟ್ಟೆಯ ಮೇಲಿಟ್ಟು, ಬಾಗಿಲು ಬಡಿದು, ಅವರು ಹೊರಗೆ ಬರುವ ಮುಂಚೆ ಓಣಿ ದಾಟಿ ಬರುತ್ತಿದ್ದೆ. ಅತ್ತೆಯವರಿಗೆ ಅಂಥ ದೊಡ್ಡ ಮನಸ್ಸು ಕೊಟ್ಟಿದ್ದ ದೇವರು. ನನಗೆ ಕೊಡಲಿಲ್ಲ. ಕೊಡದ್ದಕ್ಕೆ ಜಗಳವಿಲ್ಲ.

ಕಾಕಾ ತೀರಿಕೊಂಡು ನಾಲ್ಕೈದು ವರ್ಷವಾದವು. ಮಣ್ಣಿಗೆ ಹೋಗಿದ್ದೆ, ಪತ್ರಿ ಹಾಕಿ ಬಂದೆ. ಕಣ್ಣಲ್ಲಿ ನೀರು ಬರಲಿಲ್ಲ, ಬರಿಸಿಕೊಳ್ಳಲೂ ಇಲ್ಲ. ದೂರದ ನೆಂಟರು ಬಂದು ಮನೆ ಮಾರಿದರು, ಮಷೀನುಗಳನ್ನೆಲ್ಲ ಗುಜರಿಯವನಿಗೆ ತೂಕಕ್ಕೆ ಹಾಕಿದರು. ಈಗ ಎದುರು ಮೂರಂತಸ್ತಿನ ಕಟ್ಟಡ. ಯಾರ ಬಾಗಿಲು ಯಾವಾಗ ತೆರೆಯುತ್ತದೋ ತಿಳಿಯುವುದಿಲ್ಲ. ನಮ್ಮ ಪಂಪು ಕೆಟ್ಟು ಮನೆಯಲ್ಲಿ ನೀರಿಲ್ಲದಾಗ ಒಬ್ಬರೂ ದಾಟಿ ಬಂದು ಏನಾತು ಎಂದು ಕೇಳಲಿಲ್ಲ. ಕಾಕಾ ಇದ್ದಿದ್ದರೆ ಬರುತ್ತಿದ್ದರು. ಬಂದು ಇನ್ನಷ್ಟು ಕೆಡಿಸುತ್ತಿದ್ದರು, ಆದರೆ ಬರುತ್ತಿದ್ದರು. ಅಷ್ಟು ಖರೆ. ಇಲ್ಲದ್ದನ್ನು ಸೇರಿಸಿ ಬರೆಯಲಾರೆ, ಇದ್ದದ್ದನ್ನು ಬಿಟ್ಟೂ ಬರೆಯಲಾರೆ.

ಈ ಶ್ರಾವಣದಲ್ಲಿ ಅತ್ತೆಯವರೂ ಹೋದರು. ನಿದ್ದೆಯಲ್ಲಿ, ಮೆಲ್ಲಗೆ. ಉಸಿರಿಗೆ ಒದ್ದಾಡದೆ ಹೋದರು ಎನ್ನುವುದನ್ನು ನನ್ನ ಲೆಕ್ಕದ ದಯೆಗಳಲ್ಲಿ ಎಲ್ಲಕ್ಕೂ ಮೇಲಿಟ್ಟಿದ್ದೇನೆ. ಕಾರ್ಯಗಳೆಲ್ಲ ಮುಗಿದ ಮೇಲೆ ಯಜಮಾನರು ಆ ಕಚ್ಚಿದ ಬಾಗಿಲನ್ನು ನೋಡುತ್ತ ನಿಂತು, "ಇನ್ನರೆ ಅದನ್ನ ಕೊಯ್ಯೂಣೇನು?" ಎಂದರು. ಒಂದು ಬಾಗಿಲಿಗೆಂದು ಯಾವ ಬಡಿಗೇರನೂ ಬರಲು ಒಪ್ಪಲಿಲ್ಲ. ಮಷೀನು ನಾನೇ ಆರಿಸುತ್ತೇನೆ, ನೀವು ಸುಮ್ಮನೆ ಬರ್ರಿ ಎಂದು ಹೇಳಿ ಹುಬ್ಬಳ್ಳಿ ಬಸ್ಸು ಹತ್ತಿದೆ.

ಅಂಗಡಿಯಲ್ಲಿ ಡಬ್ಬಿಗಳ ಸಾಲು. ಪ್ರತಿಯೊಂದರ ಮೇಲೂ ಬೆಳ್ಳನೆಯ ಅಂಗಿ ತೊಟ್ಟ ಗಂಡಸೊಬ್ಬ ನಗುತ್ತ ಕಟ್ಟಿಗೆ ಕೊಯ್ಯುತ್ತಿದ್ದಾನೆ. ಅವನ ಅಂಗಿ ಒಗೆಯುವಾಕೆ ಯಾವ ಚಿತ್ರದಲ್ಲೂ ಇಲ್ಲ. ಅಂಗಡಿಯವರು ತಾಕತ್ತು, ಬ್ಯಾಟರಿ, ವೇಗ ಎಲ್ಲ ಹೇಳಿದರು. ನಾನು ನನಗೆ ಬೇಕಾದದ್ದು ಕೇಳಿದೆ. ಈ ಧೂಳಿನ ಕೊಳವೆ ಕೊಯ್ಯುವ ಅಲಗು ಹಾಕಿದಾಗಲೂ ನಿಲ್ಲುತ್ತದೋ, ಬರೀ ಉಜ್ಜುವಾಗಷ್ಟೇ ಬರುತ್ತದೋ? ಅವರು ಡಬ್ಬಿ ತಿರುಗಿಸಿ ತಿರುಗಿಸಿ ನೋಡಿದರು. ಮೊದಲನೆಯದರಲ್ಲಿ ಬರೀ ಉಜ್ಜುವಾಗ. ಎರಡನೆಯದರಲ್ಲಿ ಕೊಳವೆ ಇತ್ತು, ಆದರೆ ಅದರ ಬಾಯಿ ಹೀರುವ ಡಬ್ಬಿಯ ಬಾಯಿಗೆ ಕೂಡಲಿಲ್ಲ. "ಟೇಪ್ ಸುತ್ತಿದ್ರ ಆತ್ರಿ," ಎಂದರು. ನಾನು ಅದನ್ನು ಬದಿಗೆ ಸರಿಸಿದೆ.

ಮೂರನೆಯದು ಕೂಡಿತು. ಚೀಲದಿಂದ ಹಳೆಯ ಧೋತರದ ತುಂಡು ತೆಗೆದು, ಅವರಿಂದಲೇ ನೀರು ಇಸಿದುಕೊಂಡು ತೊಯ್ಸಿ ಮೇಜಿನ ಮೇಲೆ ಹಾಸಿದೆ. ಇದರ ಮೇಲೆ ಹಿಡಿದು ಕೊಯ್ಯಿರಿ ಎಂದೆ. ಒದ್ದೆ ಬಿಳಿ ಅರಿವೆ ಸುಳ್ಳು ಹೇಳುವುದಿಲ್ಲ. ಮೊದಲ ಮಷೀನಿನ ಮುಂದೆ ಹಾಸಿದ್ದ ಇಂಥದೇ ಇನ್ನೊಂದು ತುಂಡು ಗೋಧಿಹುಗ್ಗಿಯ ಬಣ್ಣಕ್ಕೆ ತಿರುಗಿತ್ತು. ಯಜಮಾನರು ನಾಚಿ ರಸ್ತೆಯ ಕಡೆ ಮುಖ ಮಾಡಿ ನಿಂತರು. ಅಂಗಡಿಯವರು ಕೊಯ್ದು, ಅರಿವೆ ಎತ್ತಿ ಬೆಳಕಿಗೆ ಹಿಡಿದರು. ಅಲ್ಲೊಂದು ಇಲ್ಲೊಂದು ಚುಕ್ಕೆ, ಅಷ್ಟೇ. ಸೋಸುವ ಕಾಗದವನ್ನೂ ಬಿಚ್ಚಿಸಿ ನೋಡಿದೆ. ಸ್ವಚ್ಛವಾಗಿತ್ತು, ಬೆಳ್ಳಗಿತ್ತು. ಇದನ್ನೇ ಕೊಡಿ ಎಂದೆ.

ಅವರು ಇಷ್ಟು ಹೊತ್ತು ನಕ್ಕವರು ನಗು ನಿಲ್ಲಿಸಿ ನನ್ನನ್ನು ನೋಡಿದರು.

"ಇಷ್ಟ ಧೂಳಿನ ಕಾಳಜಿ ಮಾಡತೀರಿ ಅಂದ್ರ... ಮನ್ಯಾಗ ಯಾರಿಗರೆ ದಮ್ಮ ಐತೇನ್ರಿ ಅಕ್ಕಾರ?"

"ಹೂಂ ರಿ," ಎಂದೆ. "ನಮ್ಮ ಅತ್ತಿಗೆ ಐತಿ."

ಯಜಮಾನರು ರಸ್ತೆಯಿಂದ ಮುಖ ತಿರುಗಿಸಿ ನನ್ನನ್ನು ನೋಡಿದರು.

"ಹಂಗಾರ ಒಂದ ಮಾತ ಕೇಳ್ರಿ," ಎಂದರು ಅಂಗಡಿಯವರು, ಡಬ್ಬಿಗೆ ದಾರ ಕಟ್ಟುತ್ತ. "ಮಷಿನ್ ಎಷ್ಟ ಛಲೋ ಇದ್ರೂ ಭರೋಸಾ ಇಡಬ್ಯಾಡ್ರಿ. ಕೆಲಸ ಮುಗಿಯೂತನಕ ಅವರನ್ನ ಬಾಜೂಮನ್ಯಾಗ ಕುಂದರಸ್ರಿ."

"ಆತ್ರಿ," ಎಂದೆ. "ಕುಂದರಸ್ತೇನಿ."